ಗಾಜಿನೊಳಗಿನ ಬೆಳಕು, ಗಣಕದೊಳಗಿನ ಲೆಕ್ಕ

ಕೆಮ್ಮಣ್ಣಿನ ಬಳಿ ಸ್ವರ್ಣಾ ನದಿಯಲ್ಲಿ ದೋಣಿಯವನು ಗಳವನ್ನು ನೀರಿಗಿಳಿಸಿದರೆ ಅದು ಮೇಲ್ಮೈಯಲ್ಲೇ ಮುರಿದಂತೆ ತೋರುತ್ತದೆ. ನೀರನ್ನು ಹೊಕ್ಕ ಬೆಳಕಿನ ವೇಗ ಕುಗ್ಗುವುದೇ ಇದಕ್ಕೆ ಕಾರಣ. ಎಷ್ಟು ಕುಗ್ಗುತ್ತದೆಂಬುದನ್ನು ಸೂಚಿಸುವ ಸಂಖ್ಯೆಗೆ ವಕ್ರೀಭವನಾಂಕವೆಂದು ಹೆಸರು. ನೀರಿಗೆ ಅದು 1.33, ಗಾಜಿಗೆ ಸುಮಾರು 1.5, ವಜ್ರಕ್ಕೆ 2.42. ಇಷ್ಟು ತಿಳಿದ ಮೇಲೆ ಉಳಿದ ಲೆಕ್ಕವನ್ನು ಗಣಕಕ್ಕೆ ಒಪ್ಪಿಸಬಹುದಲ್ಲವೆ? ಒಪ್ಪಿಸಬಹುದು. ಆದರೆ ಯಾವ ತಂತ್ರಾಂಶಕ್ಕೆ ಎಂಬ ಪ್ರಶ್ನೆಯೊಳಗೆ, ಬೆಳಕನ್ನು ಏನೆಂದು ಬಗೆಯಬೇಕೆಂಬ ಹಳೆಯ ಪ್ರಶ್ನೆಯೇ ಅಡಗಿದೆ. ಕನ್ನಡ ಪಾಠ ಹೇಳಿಕೊಂಡಿದ್ದ ನನ್ನನ್ನು ಈ ವಿಷಯಕ್ಕೆ ಸೆಳೆದದ್ದೂ ಅದೇ.

ಬೆಳಕನ್ನು ಕಿರಣವೆಂದು ಬಗೆದರೆ ಕೆಲಸ ಹಗುರ. ಮಸೂರ ರಚಿಸುವವರ ಜೀಮ್ಯಾಕ್ಸ್ ಮುಖ್ಯವಾಗಿ ಈ ದಾರಿಯದು. ಅದಕ್ಕೆ ಹಣ ತೆರಬೇಕು. ಚಿತ್ರವಷ್ಟೇ ಸಾಕೆನ್ನುವವರಿಗೆ ಪೋವ್‌ರೇ, ಬ್ಲೆಂಡರ್ ಉಚಿತವಾಗಿಯೇ ದೊರೆಯುತ್ತವೆ. ಇಂಥ ಚಿತ್ರಕ ತಂತ್ರಾಂಶಗಳು ಸಾಮಾನ್ಯವಾಗಿ ಕಿರಣವನ್ನು ಕಣ್ಣಿನಿಂದ ದೀಪದ ಕಡೆಗೆ ಹಿಮ್ಮುಖವಾಗಿ ಅರಸುತ್ತವೆ. ಹೀಗಾಗಿ ತಿಳಿನೀರಿನ ತಳದಲ್ಲಿ ಕುಣಿಯುವ ಬಿಸಿಲಿನ ಬಲೆ ಅವುಗಳಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಅಲೆಯ ವಕ್ರತೆಯನ್ನು ದಾಟಿ ಪುಟ್ಟ ಸೂರ್ಯಬಿಂಬವನ್ನು ಮುಟ್ಟುವ ಕಿರಣ ಅಪರೂಪ. 1996ರಲ್ಲಿ ಹೆನ್ರಿಕ್ ವಾನ್ ಯೆನ್ಸನ್ ಇದಕ್ಕೊಂದು ಉಪಾಯ ತೋರಿದರು: ಮೊದಲು ದೀಪದಿಂದಲೇ ಬೆಳಕಿನ ಕಣಗಳನ್ನು ಹೊರಡಿಸಿ, ಅವು ಬಿದ್ದ ತಾಣಗಳನ್ನು ಗುರುತಿಸಿಟ್ಟುಕೊಳ್ಳುವುದು. ಪೋವ್‌ರೇಯಲ್ಲಿ ಈ ಬಗೆಯ ಅನುಕೂಲವಿದೆ. ಬ್ಲೆಂಡರಿನ ಸೈಕಲ್ಸ್ ಬೆಳಕನ್ನು ಕೆಂಪು, ಹಸಿರು, ನೀಲಿಗಳ ಲೆಕ್ಕದಲ್ಲಿ ಹಿಡಿಯುವುದರಿಂದ ಅದರ ಪಟ್ಟಕದಿಂದ ಕಾಮನಬಿಲ್ಲು ತಾನಾಗಿ ಹೊಮ್ಮದು.

ಇನ್ನು, ನೀರಿನ ಮೇಲೆ ಹರಡಿದ ಎಣ್ಣೆಯ ಬಣ್ಣಗಳು. ಅವು ಹುಟ್ಟುವುದು ಅಲೆಗಳು ಒಂದನ್ನೊಂದು ಕೂಡಿ ಕಳೆಯುವುದರಿಂದ. ಬರಿಯ ಕಿರಣದ ಲೆಕ್ಕಕ್ಕೆ ಅವು ಕಾಣವು. ಮಾತ್ರೆಗಳನ್ನು ಎಣಿಸುತ್ತ ಅಕ್ಷರವೃತ್ತದ ಲಕ್ಷಣವನ್ನು ಹುಡುಕಿದಂತೆ! ಇಲ್ಲಿ ಕೇನ್ ಯೀ 1966ರಲ್ಲಿ ಕೊಟ್ಟ ವಿಧಾನ ಬೇಕು: ಜಾಗವನ್ನು ಪುಟ್ಟ ಕೋಶಗಳಾಗಿ ಒಡೆದು ಕ್ಷಣಕ್ಷಣವೂ ಮ್ಯಾಕ್ಸ್‌ವೆಲ್ಲರ ಸಮೀಕರಣಗಳನ್ನು ಬಿಡಿಸುವುದು. ಮೀಪ್ ಎಂಬ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ. ಆದರೆ ವೆಚ್ಚ ನೋಡಿ. ಕೋಶದ ಅಂಚು 50 ನ್ಯಾನೋಮೀಟರ್ ಎಂದಿಟ್ಟುಕೊಂಡರೂ, ಒಂದು ಮಿಲಿಮೀಟರ್ ಘನದಲ್ಲಿ 8 ಲಕ್ಷ ಕೋಟಿ ಕೋಶಗಳಾಗುತ್ತವೆ. ಮನೆಯ ಗಣಕ ಇದನ್ನು ಹೊರಲಾರದು. ಆದ್ದರಿಂದ ತೆಳುಪೊರೆಗೆ ಅಲೆ, ನದಿಗೆ ಕಿರಣ ಎಂದು ಹಂಚಿಕೊಳ್ಳುವುದು ಲೇಸು.

ಸ್ಫಟಿಕಗಳ ಪಾಡು ಬೇರೆ. ಕ್ಯಾಲ್ಸೈಟಿಗೆ ವಕ್ರೀಭವನಾಂಕಗಳೇ ಎರಡು, 1.658 ಮತ್ತು 1.486, ಅದರೊಳಗಿಂದ ನೋಡಿದರೆ ಒಂದು ಅಕ್ಷರ ಎರಡಾಗುತ್ತದೆ. 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಎಂಬ ತರುಣರು, ಧ್ರುವೀಕೃತ ಬೆಳಕು ಹಲವು ಸ್ಥಿತಿಗಳನ್ನು ಹಾದು ಮೊದಲ ಸ್ಥಿತಿಗೆ ಮರಳಿದರೂ ಅದರ ಅಲೆಯಲ್ಲಿ ಆ ಸುತ್ತಿನ ಗುರುತು ಉಳಿಯುತ್ತದೆಂದು ತೋರಿಸಿದರು. 1984ರಲ್ಲಿ ಮೈಕೇಲ್ ಬೆರಿಯವರು ಇದೇ ಬಗೆಯ ತತ್ತ್ವವನ್ನು ಕ್ವಾಂಟಂ ಶಾಸ್ತ್ರದಲ್ಲಿ ಮಂಡಿಸಿದ ಬಳಿಕವೇ ಇದರ ಬೆಲೆ ಜಗತ್ತಿಗೆ ತಿಳಿದುದು. ಪಂಚರತ್ನಂ 1969ರಲ್ಲೇ ತೀರಿಕೊಂಡಿದ್ದರು. ಧ್ರುವೀಕರಣವನ್ನು ಎಣಿಸದ ತಂತ್ರಾಂಶದಲ್ಲಿ ಅವರ ಕಾಣ್ಕೆಗೆ ಎಡೆಯೇ ಇಲ್ಲ.

ತಪ್ಪು ಲೆಕ್ಕವೂ ಸೊಗಸಾದ ಚಿತ್ರವನ್ನೇ ಕೊಡುವುದರಿಂದ ಆರಿಸುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಬೇಕು. 1.5 ಅಂಕದ ಗಾಜಿಗೆ ನೇರವಾಗಿ ಬೆಳಕು ಬೀಳಲಿ. ಒಂದು ಮುಖದಿಂದ ನೂರರಲ್ಲಿ 4 ಪಾಲು, ಹಾಳೆಯ ಎರಡೂ ಮುಖಗಳಿಂದ ಸುಮಾರು 8 ಪಾಲು ಹಿಂದಿರುಗಬೇಕು. ಎಲ್ಲ ಬೆಳಕೂ ದಾಟಿಹೋಯಿತೆಂದು ಗಣಕ ಹೇಳಿದರೆ, ಆ ತಂತ್ರಾಂಶದ ಕೈಪಿಡಿಯನ್ನು ಇನ್ನೊಮ್ಮೆ ತೆರೆಯುವುದು ಒಳಿತು.