ಆಕಾಶದ ದೀಪವೂ ಸರಕಾರದ ಮೌನವೂ

ಹಾರುವ ತಟ್ಟೆಗಳನ್ನು ಸೈನಿಕರು ಕಣ್ಣಾರೆ ಕಂಡಿರುವರೆಂದೂ ಸರಕಾರಗಳು ಆ ಸಂಗತಿಯನ್ನು ಮುಚ್ಚಿಟ್ಟಿರುವವೆಂದೂ ಹೇಳುವ ಮಾತು ಹಳೆಯದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುಶಿಕ್ಷಿತರಲ್ಲಿಯೂ ಇದನ್ನು ನಂಬುವವರುಂಟು, ಕೇಳಿ ನಗುವವರೂ ಉಂಟು. ಆದರೆ ಆಕಾಶದಲ್ಲಿ ಕಂಡುದೇನು ಎಂಬುದು ಒಂದು ಪ್ರಶ್ನೆ. ಕಂಡುದನ್ನು ಪ್ರಜೆಗಳಿಗೆ ನಿಜವಾಗಿ ತಿಳಿಸಿದರೇ ಎಂಬುದು ಬೇರೊಂದು ಪ್ರಶ್ನೆ. ಇವೆರಡನ್ನೂ ಕಲಸಿದ್ದರಿಂದಲೇ ಗೊಂದಲವಾಗಿದೆ.

ಮೊದಲು ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. 2012ರಲ್ಲಿ ಲಡಾಖಿನ ಪಾಂಗಾಂಗ್ ಸರೋವರದ ಬಳಿ ಗಡಿ ಕಾಯುತ್ತಿದ್ದ ಯೋಧರಿಗೆ ಚೀನದ ಕಡೆಯ ದಿಗಂತದಿಂದ ಬೆಳಕಿನ ಗೋಲಗಳು ಮೇಲೇರಿ ಗಂಟೆಗಟ್ಟಲೆ ಸಾಗುವುದು ಕಂಡಿತು. ಆ ವರ್ಷದ ಆಗಸ್ಟಿನಿಂದ 2013ರ ಫೆಬ್ರುವರಿಯೊಳಗೆ ಇಂಥ 329 ದರ್ಶನಗಳು ದಾಖಲಾದವು. ವೈರಿಯ ಬೇಹಿನ ವಿಮಾನಗಳಿರಬಹುದೆಂಬ ಶಂಕೆಯು ಸಹಜವೇ ಆಗಿತ್ತು. ಕಡೆಗೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಪಂಡಿತರನ್ನು ಕೇಳಲಾಗಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿದುಬಂದಿತು. ಸುಮಾರು 14,000 ಅಡಿ ಎತ್ತರದ ತಿಳಿಯಾದ ಗಾಳಿಯಲ್ಲಿ ಗ್ರಹಗಳು ಬಯಲುಸೀಮೆಯಲ್ಲಿರುವುದಕ್ಕಿಂತ ಬಹಳ ಪ್ರಖರವಾಗಿ ತೋರುತ್ತವೆ. ಯೋಧರ ಕಣ್ಣು ಸುಳ್ಳಾಡಲಿಲ್ಲ. ಕಂಡುದರ ಅರ್ಥವನ್ನು ಹೇಳಲು ಬೇರೆ ವಿದ್ಯೆ ಬೇಕಾಗಿತ್ತು.

ಹಾಗಾದರೆ ಮುಚ್ಚಿಡುವಿಕೆಯ ಆರೋಪವು ಕೇವಲ ಕಟ್ಟುಕಥೆಯೋ? ಅಲ್ಲ. 1947ರ ಜುಲೈದಲ್ಲಿ ಅಮೇರಿಕದ ರಾಸ್ವೆಲ್ ಎಂಬಲ್ಲಿಯ ಸೈನ್ಯವು ಹಾರುವ ತಟ್ಟೆ ದೊರೆಯಿತೆಂದು ಸಾರಿತು. ಕೂಡಲೇ ಮಾತು ತಿರುಗಿಸಿ, ಅದು ಹವೆಯನ್ನು ಅಳೆಯುವ ಬಲೂನು ಎಂದಿತು. 1994ರಲ್ಲಿ ಅಲ್ಲಿಯ ವಾಯುಪಡೆಯು ನಿಜವನ್ನು ಒಪ್ಪಿಕೊಂಡಿತು: ಅದು ರಶಿಯದ ಅಣುಬಾಂಬಿನ ಪರೀಕ್ಷೆಗಳನ್ನು ದೂರದಿಂದಲೇ ಪತ್ತೆಹಚ್ಚುವ ‘ಮೊಗಲ್’ ಎಂಬ ಗುಪ್ತ ಯೋಜನೆಯ ಬಲೂನಾಗಿತ್ತು. ಮುಚ್ಚಿಟ್ಟದ್ದು ನಿಜ, ಮುಚ್ಚಿಟ್ಟ ವಸ್ತುವು ಮಾತ್ರ ಭೂಲೋಕದ್ದೇ. ಆದರೆ ಒಮ್ಮೆ ಸುಳ್ಳಾಡಿದ ಸರಕಾರದ ಸತ್ಯವನ್ನು ಯಾರು ನಂಬುವರು? 2021ರಲ್ಲಿ ಆ ದೇಶವು ಪ್ರಕಟಿಸಿದ ವರದಿಯಲ್ಲಿ 144 ದರ್ಶನಗಳ ಪೈಕಿ 143ಕ್ಕೆ ವಿವರಣೆ ದೊರೆಯಲಿಲ್ಲ. 2024ರ ಮಾರ್ಚಿನಲ್ಲಿ ಅಲ್ಲಿಯ ರಕ್ಷಣಾ ಇಲಾಖೆಯು ಪರಲೋಕದ ಯಂತ್ರಗಳಿಗೆ ಪುರಾವೆಯೇ ಇಲ್ಲವೆಂದು ಹೇಳಿದರೂ ಸಂಶಯವು ಅಳಿಯಲಿಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ಬೀದರ ಜಿಲ್ಲೆಯ ಸಂಗತಿಯನ್ನು ನೆನೆಯಬೇಕು. 2025ರ ಜನವರಿಯಲ್ಲಿ ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಯಂತ್ರವನ್ನು ಹೊತ್ತ ದೊಡ್ಡ ಬಲೂನೊಂದು ಮನೆಯ ಮೇಲೆ ಬಿದ್ದಿತು. ಜನರು ಗಾಬರಿಯಾದರು. ಆದರೆ ಅದರ ಸಂಗಡ ಒಂದು ಪತ್ರವಿದ್ದಿತು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಕೇಂದ್ರದಿಂದ ಹಾರಿಬಿಟ್ಟುದೆಂದು ಬೇಗನೆ ತಿಳಿಯಿತು. ಗಾಳಿಸುದ್ದಿಯು ಬೇರು ಬಿಡಲು ಅವಕಾಶವೇ ಆಗಲಿಲ್ಲ.

ಗಡಿಯ ಕಾವಲು, ಆಯುಧಗಳ ಬಲಾಬಲ ಇವು ಗುಪ್ತವಾಗಿರತಕ್ಕದ್ದೇ. ಅದರಲ್ಲಿ ನಮಗೆ ತಕರಾರಿಲ್ಲ. ಆದರೆ 1923ರ ಅಧಿಕೃತ ರಹಸ್ಯಗಳ ಕಾಯಿದೆಯು ಪರಕೀಯ ಸರಕಾರವು ಆಳಿಸಿಕೊಳ್ಳುವ ಜನರ ಮೇಲಿನ ಅವಿಶ್ವಾಸದಿಂದ ಮಾಡಿದ್ದು. ಅದು ಇಂದಿಗೂ ಜಾರಿಯಲ್ಲಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯು ಬಾಗಿಲನ್ನು ತೆರೆದರೂ, ರಕ್ಷಣಾ ಸಂಶೋಧನ ಸಂಸ್ಥೆಯಂಥವುಗಳನ್ನು ಬಹುಮಟ್ಟಿಗೆ ಹೊರಗಿಟ್ಟಿದೆ. ರಾಣಿ ಚೆನ್ನಮ್ಮನನ್ನು ಕಂಪನಿ ಸರಕಾರವು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟಾಗ ಕಾರಣ ಕೇಳುವ ಅಧಿಕಾರ ಪ್ರಜೆಗಳಿಗಿರಲಿಲ್ಲ; ಆಕೆ 1829ರಲ್ಲಿ ಸೆರೆಯಲ್ಲಿಯೇ ತೀರಿಕೊಂಡಳು. ರಾಮದುರ್ಗದ ಪ್ರಜೆಗಳು 1939ರಲ್ಲಿ ಸಂಸ್ಥಾನದ ಆಡಳಿತದ ವಿರುದ್ಧ ಎದ್ದುದು ಇಂಥ ಅಧಿಕಾರಕ್ಕಾಗಿಯೇ. ಅವರ ಮೊಮ್ಮಕ್ಕಳು ಸ್ವಂತ ಸರಕಾರವನ್ನು ಕೇಳಲು ಹಿಂಜರಿಯಬೇಕಾಗಿಲ್ಲ.

ಆದುದರಿಂದ ಸೈನಿಕರ ಇಂಥ ದರ್ಶನಗಳನ್ನು ಶೀಘ್ರವೇ ವಿಜ್ಞಾನಿಗಳ ಮುಂದಿಡತಕ್ಕದ್ದು. ಆಪತ್ತಿನ ಭಯವು ಕಳೆದ ಬಳಿಕ ಅವರ ನಿರ್ಣಯವನ್ನು ಪ್ರಕಟಿಸತಕ್ಕದ್ದು. ತಿಳಿಯದಿದ್ದಲ್ಲಿ ತಿಳಿಯದೆಂದು ಹೇಳುವುದರಲ್ಲಿ ಅವಮಾನವಿಲ್ಲ. ಪ್ರಜೆಗಳ ಕರ್ತವ್ಯವೂ ಉಂಟು: ಮಲಪ್ರಭೆಯ ದಂಡೆಯ ಮೇಲೆ ವಿಚಿತ್ರ ಬೆಳಕು ಕಂಡವರು ಸುದ್ದಿಯನ್ನು ಹಬ್ಬಿಸುವ ಮೊದಲು, ಅದು ಶುಕ್ರನೋ ಸಾಂಬ್ರೆಯ ವಿಮಾನವೋ ಎಂದು ವಿಚಾರಿಸಲಿ. ಸರಕಾರವು ಪ್ರಜೆಗಳನ್ನು ನಂಬಿದರೆ ಪ್ರಜೆಗಳು ಸರಕಾರವನ್ನು ನಂಬುವರು.