ಹೊಲಿಗೆ ಕೆಟ್ಟರೆ ಯಂತ್ರ ಕೆಟ್ಟಿತೆಂದಲ್ಲ
ಟೆನ್ಷನ್ ಸರಿಪಡಿಸುವ ವಿದ್ಯೆಯೂ ಟೈಲರಿಂಗ್ ತರಗತಿಯ ಪಾಠವಾಗಲಿ

ಮುಂಬಯಿ: ಮಹಾನಗರದ ತುಳು-ಕನ್ನಡಿಗರ ಸಂಘ-ಸಂಸ್ಥೆಗಳ ಮಹಿಳಾ ವಿಭಾಗಗಳು ಹಮ್ಮಿಕೊಳ್ಳುವ ಸ್ವಾವಲಂಬನೆಯ ಕಾರ್ಯಕ್ರಮಗಳಲ್ಲಿ ಟೈಲರಿಂಗ್ ತರಗತಿಗೆ ವಿಶೇಷ ಸ್ಥಾನವಿದೆ. ಅರ್ಹ ಮಹಿಳೆಯರಿಗೆ ಹೊಲಿಗೆ ಯಂತ್ರ ವಿತರಿಸುವ ಸಂಘಗಳೂ ಇವೆ. ಕತ್ತರಿಸುವುದು, ಹೊಲಿಯುವುದು ಎರಡನ್ನೂ ತರಗತಿಯಲ್ಲಿ ಚೆನ್ನಾಗಿಯೇ ಕಲಿಸಲಾಗುತ್ತದೆ. ಆದರೆ ಯಂತ್ರ ಮನೆ ಸೇರಿ ಕೆಲವು ತಿಂಗಳಾದ ಮೇಲೆ ಹೊಲಿಗೆ ಕೆಡತೊಡಗಿದರೆ ಏನು ಮಾಡಬೇಕು ಎಂಬ ಪಾಠ ಅಷ್ಟಾಗಿ ನಡೆಯುವುದಿಲ್ಲ.

ಡೊಂಬಿವಲಿ, ಕಲ್ಯಾಣ್, ನಾಲಾಸೋಪಾರ, ವಿರಾರ್ ಕಡೆಯ ಪುಟ್ಟ ಮನೆಗಳಲ್ಲಿ ರವಿಕೆ ಹೊಲಿಗೆ, ಸೀರೆಗೆ ಫಾಲ್-ಪಿಕೋ ಮಾಡಿಕೊಡುವ ಗೃಹಿಣಿಯರಿಗೆ ಇದು ಸಣ್ಣ ವಿಷಯವಲ್ಲ. ಜೂನ್‌ನಲ್ಲಿ ಶಾಲೆಯ ಸಮವಸ್ತ್ರ, ಅನಂತರ ಗಣೇಶೋತ್ಸವ, ನವರಾತ್ರಿ, ಮದುವೆಯ ದಿನಗಳು. ಇಂತಹ ಸಮಯದಲ್ಲಿ ಯಂತ್ರ ನಾಲ್ಕು ದಿನ ಮೂಲೆ ಸೇರಿದರೆ ಅಷ್ಟೂ ದಿನದ ಸಂಪಾದನೆ ಹೋದಂತೆಯೇ. ರೇಷ್ಮೆ ಖಣದ ಮೇಲೆ ಹೊಲಿಗೆ ಸುಕ್ಕುಗಟ್ಟಿದರೆ ಇನ್ನೂ ಕಷ್ಟ. ಬಟ್ಟೆ ಗಿರಾಕಿಯದ್ದು, ಕೆಡುವ ಹೆಸರು ಹೊಲಿದವರದ್ದು.

ಯಂತ್ರಗಳ ಬಗ್ಗೆ ಕಟುವಾಗಿ ಬರೆದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಮನೆಯಲ್ಲಿ ದುಡಿಯುವವರ ಶ್ರಮ ಇಳಿಸುವ ಯಂತ್ರವೆಂಬುದೇ ಅದಕ್ಕೆ ಕಾರಣ. ಆ ಯಂತ್ರ ಇಂದಿಗೂ ಅನೇಕ ಮನೆಗಳಿಗೆ ಆಸರೆ. ಅದರ ಬಹುಪಾಲು ತಕರಾರುಗಳನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬಹುದು.

ಎರಡು ದಾರಗಳ ಹಗ್ಗಜಗ್ಗಾಟ

ಸೂಜಿಯ ದಾರ ಮೇಲಿನಿಂದ, ಬಾಬಿನ್ ದಾರ ಕೆಳಗಿನಿಂದ ಬಂದು ಪರಸ್ಪರ ಸುತ್ತಿಕೊಂಡಾಗ ಒಂದು ಹೊಲಿಗೆ ಆಗುತ್ತದೆ. ಎರಡರ ಬಿಗಿ ಸಮನಾಗಿದ್ದರೆ ಗಂಟು ಬಟ್ಟೆಯ ಪದರಗಳ ನಡುವೆ ಅಡಗುತ್ತದೆ. ಆಗ ಎರಡೂ ಬದಿಯಲ್ಲಿ ಹೊಲಿಗೆ ಒಂದೇ ತೆರನಾಗಿ ಕಾಣುತ್ತದೆ. ಒಂದು ದಾರ ಹೆಚ್ಚು ಬಿಗಿಯಾದರೆ ಇನ್ನೊಂದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಬಹಳ ಮಂದಿ ಎಡವುವುದು ಇಲ್ಲಿಯೇ. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆಗಳಾಗಿ ಜೋಲಾಡಿದರೆ ದೋಷ ಬಾಬಿನ್‌ನದ್ದೆಂದು ತಿಳಿದು ಅದರ ಸ್ಕ್ರೂ ತಿರುಗಿಸುತ್ತಾರೆ. ನಿಜಕ್ಕೂ ಆಗ ಸಡಿಲವಾಗಿರುವುದು ಮೇಲಿನ ದಾರ. ಬಾಬಿನ್ ದಾರ ಮೇಲುಬದಿಯಲ್ಲಿ ಚುಕ್ಕಿಚುಕ್ಕಿಯಾಗಿ ಕಂಡರೆ ಮೇಲಿನ ದಾರ ಅತಿ ಬಿಗಿಯಾಗಿದೆ, ಇಲ್ಲವೇ ಬಾಬಿನ್ ದಾರ ಸಡಿಲವಾಗಿದೆ ಎಂದರ್ಥ.

ಸ್ಕ್ರೂ ಮುಟ್ಟುವ ಮೊದಲು

ಮೊದಲು ದಾರವನ್ನು ಪೂರ್ತಿ ತೆಗೆದು ಹೊಸದಾಗಿ ಪೋಣಿಸಬೇಕು. ಪೋಣಿಸುವಾಗ ಬಟ್ಟೆ ಒತ್ತುವ ಫೂಟ್ ಮೇಲೆತ್ತಿರಬೇಕು. ಫೂಟ್ ಎತ್ತಿದಾಗ ಟೆನ್ಷನ್ ತಟ್ಟೆಗಳು ಬಿಡಿಸಿಕೊಂಡು ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಇಳಿಸಿಟ್ಟೇ ಪೋಣಿಸಿದರೆ ದಾರ ತಟ್ಟೆಗಳ ಹೊರಗೇ ಉಳಿದು ಅಡಿಯಲ್ಲಿ ಬಲೆ ಕಟ್ಟಬಹುದು. ಮೇಲೆ-ಕೆಳಗೆ ಆಡುವ ಕಡ್ಡಿಯ ರಂಧ್ರ ತಪ್ಪಿದರೂ ಅದೇ ಗತಿ.

ಸೂಜಿ ಮೊಂಡಾಗಿದ್ದರೆ ಬದಲಿಸಬೇಕು. ತೆಳು ಬಟ್ಟೆಗೆ 11, ಸಾಮಾನ್ಯ ಕಾಟನ್‌ಗೆ 14, ದಪ್ಪ ಬಟ್ಟೆಗೆ 16 ಅಥವಾ 18ನೇ ನಂಬರಿನ ಸೂಜಿ ಸೂಕ್ತ. ಸೂಜಿಯಲ್ಲೂ ಬಾಬಿನ್‌ನಲ್ಲೂ ಒಂದೇ ಬಗೆಯ ದಾರವಿರಲಿ. ಬಾಬಿನ್‌ಗೆ ದಾರ ಒಂದೇ ಸಮನೆ ಸುತ್ತಿರಬೇಕು. ಟೆನ್ಷನ್ ತಟ್ಟೆಗಳ ನಡುವೆ, ಬಾಬಿನ್ ಕೇಸಿನ ಪಟ್ಟಿಯ ಕೆಳಗೆ, ಬಟ್ಟೆ ಸರಿಸುವ ಹಲ್ಲುಗಳ ಸಂದಿಯಲ್ಲಿ ಸೇರಿದ ನೂಲಿನ ಧೂಳನ್ನು ಬ್ರಶ್‌ನಿಂದ ತೆಗೆಯಬೇಕು. ಮುಂಬಯಿಯ ಮಳೆಗಾಲದ ತೇವದಲ್ಲಿ ಈ ಧೂಳು ಎಣ್ಣೆಯೊಂದಿಗೆ ಬೆರೆತು ಅಂಟಿಕೊಳ್ಳುತ್ತದೆ, ಕಬ್ಬಿಣದ ಭಾಗಗಳು ತುಕ್ಕು ಹಿಡಿಯುತ್ತವೆ. ಎಷ್ಟೋ ಬಾರಿ ಇಷ್ಟರಲ್ಲೇ ಹೊಲಿಗೆ ಸರಿಹೋಗುತ್ತದೆ.

ಮೇಲಿನದು ಮೊದಲು, ಕೆಳಗಿನದು ಕೊನೆಗೆ

ಆಗಲೂ ಸರಿಯಾಗದಿದ್ದರೆ ಟೆನ್ಷನ್ ತಿರುಪಿಗೆ ಕೈಹಾಕಬಹುದು. ಹೊಲಿಯಬೇಕಾದ ಬಟ್ಟೆಯದೇ ತುಂಡನ್ನು ಎರಡು ಪದರ ಮಾಡಿ, ಮೇಲೆ ಒಂದು ಬಣ್ಣ, ಬಾಬಿನ್‌ಗೆ ಇನ್ನೊಂದು ಬಣ್ಣದ ದಾರ ಹಾಕಿ ಹೊಲಿದು ನೋಡಬೇಕು. ಯಾವ ಬಣ್ಣ ಎತ್ತ ಇಣುಕುತ್ತಿದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಫೂಟ್ ಇಳಿಸಿಟ್ಟು ಮೇಲಿನ ತಿರುಪನ್ನು ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಸ್ವಲ್ಪಸ್ವಲ್ಪವೇ ತಿರುಗಿಸಿ ಪ್ರತಿ ಸಲ ಹೊಲಿದು ಪರೀಕ್ಷಿಸಬೇಕು.

ಮೇಲಿನ ತಿರುಪಿನಿಂದ ಕೆಲಸವಾಗದಿದ್ದರೆ ಮಾತ್ರ ಬಾಬಿನ್ ಕೇಸ್ ನೋಡಬೇಕು. ಬಾಬಿನ್ ಕೂರಿಸಿದ ಕೇಸನ್ನು ದಾರದಲ್ಲಿ ತೂಗುಬಿಟ್ಟಾಗ ಅದು ತಾನಾಗಿ ಜಾರಬಾರದು. ಕೈಯನ್ನು ಮೆಲ್ಲನೆ ಜಗ್ಗಿದರೆ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಕದಲದಿದ್ದರೆ ಬಿಗಿ. ಅದರ ಪುಟ್ಟ ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬಾರದು. ಮೊದಲಿದ್ದ ಸ್ಥಾನವನ್ನು ಗುರುತು ಮಾಡಿಟ್ಟುಕೊಂಡರೆ ಹಿಂದಕ್ಕೆ ತರಲು ಸುಲಭ.

ಎಲ್ಲ ದೋಷವೂ ಟೆನ್ಷನ್‌ನದ್ದಲ್ಲ. ನಡುನಡುವೆ ಹೊಲಿಗೆ ತಪ್ಪುತ್ತಿದ್ದರೆ ಸೂಜಿ ಬಾಗಿರಬಹುದು, ಇಲ್ಲವೇ ತಿರುಗುಮುರುಗಾಗಿ ಕೂತಿರಬಹುದು. ದಾರ ಎಳೆಎಳೆಯಾಗಿ ಬಿಚ್ಚಿ ತುಂಡಾದರೆ ಸೂಜಿಯ ಕಣ್ಣು ಸವೆದಿದೆಯೇ ನೋಡಬೇಕು. ಹೊಸ ಸೂಜಿ ಹಾಕಿಯೂ ಹೊಲಿಗೆ ತಪ್ಪುತ್ತಿದ್ದರೆ, ಶಟಲ್ ಬಡಿಯುವ ಸದ್ದು ಬಂದರೆ ಮೆಕ್ಯಾನಿಕ್‌ಗೆ ತೋರಿಸುವುದೇ ಕ್ಷೇಮ.

ಸಂಘಗಳು ಮನಸ್ಸು ಮಾಡಲಿ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ತರಬೇತಿಯೊಂದಿಗೆ ಉಪಕರಣಕ್ಕೆ 15,000 ರೂ. ವರೆಗಿನ ನೆರವನ್ನು ಅದರಲ್ಲಿ ಘೋಷಿಸಲಾಗಿತ್ತು. ಸರಕಾರ ಕೊಡಲಿ, ಸಂಘ ಕೊಡಲಿ, ಯಂತ್ರ ಕೊಟ್ಟರಷ್ಟೇ ಸಾಲದು. ಟೈಲರಿಂಗ್ ತರಗತಿಯ ಕೊನೆಯಲ್ಲಿ ಒಂದು ರವಿವಾರ ಅನುಭವಿ ಮೆಕ್ಯಾನಿಕ್‌ರೊಬ್ಬರನ್ನು ಕರೆಸಿ, ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಕೈಯಾರೆ ಟೆನ್ಷನ್ ಕೆಡಿಸಿ ಮತ್ತೆ ಸರಿಪಡಿಸುವಂತೆ ಮಾಡಬಹುದು. ಯಂತ್ರದ ಜತೆಗೆ ಸಣ್ಣ ಸ್ಕ್ರೂಡ್ರೈವರ್, ಬ್ರಶ್, ಎಣ್ಣೆ, ಒಂದು ಪೊಟ್ಟಣ ಸೂಜಿ ಕೊಟ್ಟರೆ ದೊಡ್ಡ ಖರ್ಚೇನೂ ಆಗದು. ಈ ಪಾಠವೊಂದು ಸೇರಿದರೆ ಸಂಘ ಕೊಟ್ಟ ಯಂತ್ರ ಮೂಲೆ ಸೇರುವುದು ತಪ್ಪೀತು.