ಸಾಹಿತ್ಯ ಏಜೆಂಟ್: ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಬೆಂಗಳೂರು: ಕನ್ನಡದ ಲೇಖಕರು ಸಾಮಾನ್ಯವಾಗಿ ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರ ಕೈಗೇ ಒಪ್ಪಿಸುತ್ತ ಬಂದವರು. ಇಬ್ಬರ ನಡುವೆ ಮೂರನೆಯವರು ನಿಂತು ವ್ಯವಹಾರ ಕುದುರಿಸುವ ಪದ್ಧತಿ ಇಲ್ಲಿ ಬೇರೂರಲಿಲ್ಲ. ಆದರೆ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾದ ಮೇಲೆ, ಕನ್ನಡ ಕೃತಿ ಹೊರಗಿನ ಓದುಗರನ್ನು ತಲುಪುವ ದಾರಿ ಯಾವುದೆಂಬ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಆ ದಾರಿಯಲ್ಲಿ ಹಲವು ವೇಳೆ ಮೊದಲು ಎದುರಾಗುವವರು ಸಾಹಿತ್ಯ ಏಜೆಂಟರು. ಅವರು ಮುಂದಿಡುವ ಕರಾರಿಗೆ ಸಹಿ ಹಾಕಬೇಕೇ, ಬೇಡವೇ?

ಏಜೆಂಟರ ಕೆಲಸವೇನು?

ಹಸ್ತಪ್ರತಿಯನ್ನು ತಕ್ಕ ಪ್ರಕಾಶಕರಿಗೆ ತಲುಪಿಸುವುದು, ಮುಂಗಡ ಹಾಗೂ ರಾಯಧನದ ಬಗ್ಗೆ ಚೌಕಾಸಿ ಮಾಡುವುದು, ಅನುವಾದ, ಚಲನಚಿತ್ರ, ವಿದೇಶಿ ಮಾರಾಟದ ಹಕ್ಕುಗಳನ್ನು ಕಾಯುವುದು ಅವರ ಹೊಣೆ. ಪ್ರತಿಫಲವಾಗಿ ಸಾಮಾನ್ಯವಾಗಿ ಶೇ 15, ವಿದೇಶಿ ಹಾಗೂ ಅನುವಾದದ ಹಕ್ಕುಗಳಿಗೆ ಶೇ 20ರಷ್ಟು ಕಮಿಷನ್ ಪಡೆಯುತ್ತಾರೆ. ಎರಡು ಲಕ್ಷ ರೂಪಾಯಿ ಮುಂಗಡ ದೊರೆತರೆ ಶೇ 15ರ ಲೆಕ್ಕದಲ್ಲಿ 30 ಸಾವಿರ ಏಜೆಂಟರದು. ಪುಸ್ತಕ ಮಾರಾಟವಾಗದಿದ್ದರೆ ಅವರಿಗೂ ಏನೂ ಇಲ್ಲ.

ಆದ್ದರಿಂದ ಹಸ್ತಪ್ರತಿ ಓದಲು ಶುಲ್ಕ ಕೇಳುವವರು, ತಮಗೆ ಬೇಕಾದವರಿಂದಲೇ ಹಣ ಕೊಟ್ಟು ತಿದ್ದಿಸಬೇಕೆನ್ನುವವರು, ಪ್ರಕಟಣೆ ಖಚಿತವೆಂದು ಮಾತು ಕೊಡುವವರು ಯಾರೇ ಆಗಿರಲಿ, ಅವರಿಂದ ದೂರವಿರುವುದು ಲೇಸು.

ತಕ್ಕವರೆಂದು ತಿಳಿಯುವುದು ಹೇಗೆ?

ಪ್ರಾಮಾಣಿಕರೆಲ್ಲರೂ ನಿಮ್ಮ ಕೃತಿಗೆ ತಕ್ಕವರಾಗಬೇಕೆಂದಿಲ್ಲ. ಲಂಡನ್ನಿನ ಏಜೆಂಟ್ ಡೇವಿಡ್ ಗಾಡ್ವಿನ್ ಅವರು ಅರುಂಧತಿ ರಾಯ್ ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಓದಿ, ಲೇಖಕಿಯನ್ನು ಕಾಣಲು ವಿಮಾನವೇರಿ ದೆಹಲಿಗೆ ಬಂದದ್ದು ಪ್ರಸಿದ್ಧ ಸಂಗತಿ. ಆ ಕೃತಿಗೆ 1997ರಲ್ಲಿ ಬೂಕರ್ ಬಂತು. ಎಲ್ಲರಿಂದಲೂ ಅಂಥ ಉತ್ಸಾಹವನ್ನು ನಿರೀಕ್ಷಿಸಲಾಗದಿದ್ದರೂ, ಏಜೆಂಟರು ಕೃತಿಯನ್ನು ಪೂರ್ತಿ ಓದಿದ್ದಾರೆಯೇ ಎಂಬುದನ್ನಾದರೂ ಅರಿಯಬೇಕು. ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು:

* ಕಳೆದ ಎರಡು ವರ್ಷಗಳಲ್ಲಿ ಯಾವ ಪುಸ್ತಕಗಳನ್ನು ಯಾವ ಪ್ರಕಾಶಕರಿಗೆ ಕೊಡಿಸಿದ್ದೀರಿ?

* ಕನ್ನಡ ಓದಲು ಬಾರದಿದ್ದರೆ, ಮಾದರಿ ಅನುವಾದ ಮಾಡುವವರು ಯಾರು? ಅದರ ಖರ್ಚು ಯಾರದು?

* ಕೃತಿಯಲ್ಲಿ ಏನೇನು ಬದಲಾಗಬೇಕೆಂದು ಬಯಸುತ್ತೀರಿ?

* ಅನುವಾದಕರನ್ನೂ ನೀವೇ ಪ್ರತಿನಿಧಿಸುತ್ತೀರಾ? ಪಾಲಿನ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಯಾರ ಪರ ನಿಲ್ಲುತ್ತೀರಿ?

* ಪ್ರಕಾಶಕರು ನೀಡಿದ ಉತ್ತರಗಳನ್ನು, ನಿರಾಕರಣೆಯೂ ಸೇರಿ, ನನಗೆ ತಿಳಿಸುತ್ತೀರಾ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಒಮ್ಮೆ ನಿರಾಕರಿಸಿದ ಸಂಪಾದಕರು ಅದೇ ಹಸ್ತಪ್ರತಿಯನ್ನು ಮತ್ತೆ ಓದುವುದು ಅಪರೂಪ. ವಿವೇಚನೆಯಿಲ್ಲದೆ ಎಲ್ಲೆಡೆ ಕಳುಹಿಸುವ ಏಜೆಂಟರು ಮುಂದಿನ ಬಾಗಿಲುಗಳನ್ನೂ ಮುಚ್ಚಿಸಿಬಿಡಬಹುದು.

ಕರಾರಿನಲ್ಲಿ ಗಮನಿಸಬೇಕಾದ್ದು

ಏಜೆಂಟರಿಗೆ ಸಲ್ಲುವುದು ಲೇಖಕರ ಪರವಾಗಿ ವ್ಯವಹರಿಸುವ ಅಧಿಕಾರ ಮಾತ್ರ, ಹಕ್ಕುಸ್ವಾಮ್ಯವಲ್ಲ. ಕೃತಿಸ್ವಾಮ್ಯವನ್ನೇ ಅವರಿಗೆ ವರ್ಗಾಯಿಸುವ ಷರತ್ತಿದ್ದರೆ ಸಹಿ ಹಾಕಕೂಡದು. ಒಪ್ಪಂದ ಒಂದು ಕೃತಿಗೋ, ಮುಂದೆ ಬರೆಯುವ ಎಲ್ಲಕ್ಕೋ? ಕನ್ನಡದ ಮೂಲ ಮುದ್ರಣವೂ ಅದರೊಳಗೆ ಸೇರಿದೆಯೇ? ಹಣ ಸಾಮಾನ್ಯವಾಗಿ ಏಜೆಂಟರ ಮೂಲಕವೇ ಬರುವುದರಿಂದ, ಎಷ್ಟು ದಿನಗಳೊಳಗೆ ಲೇಖಕರ ಕೈಸೇರಬೇಕು? ಎಷ್ಟು ದಿನಗಳ ಮುನ್ಸೂಚನೆ ಕೊಟ್ಟು ಹೊರಬರಬಹುದು? ಹೊರಬಂದ ಮೇಲೂ ಅವರು ಕುದುರಿಸಿದ ವ್ಯವಹಾರಗಳ ಕಮಿಷನ್ ಅವರಿಗೇ ಸಲ್ಲುವುದು ರೂಢಿ.

ಪ್ರಕಾಶಕರೊಂದಿಗಿನ ಒಪ್ಪಂದಕ್ಕೂ ಕಾನೂನಿನ ಆಸರೆಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ವಿಧಿಯಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು, ಸಹಿಯಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ.

ಕನ್ನಡದಲ್ಲಷ್ಟೇ ಪ್ರಕಟಿಸಬಯಸುವವರಿಗೆ ಏಜೆಂಟರ ಅಗತ್ಯ ಬಹುಮಟ್ಟಿಗೆ ಇಲ್ಲ. ಹೊರಗೆ ಹೋಗಬಯಸುವವರು ಕರಾರನ್ನು ಮನೆಗೊಯ್ದು, ಬಲ್ಲವರಿಗೆ ತೋರಿಸಿ, ವಾರವಾದರೂ ಯೋಚಿಸಲಿ. ಆ ಒಂದು ವಾರ ಕಾಯಲೊಲ್ಲದ ಏಜೆಂಟರು, ಪುಸ್ತಕ ಮಾರಾಟವಾಗುವ ತನಕ ಲೇಖಕರ ಜೊತೆ ನಿಲ್ಲುವರೆಂದು ನಂಬುವುದು ಕಷ್ಟ.